ಹರವಿ ತೊಟ್ಟ ಸ್ವೆಟರ್

ನನಗಾಗಿ ಅಣ್ಣ ಹೆಣೆದ ಸ್ವೆಟರನ್ನು ನಾನು ಬಹಳ ದಿನ ತೊಡಲೇ ಇಲ್ಲ. ಬಳ್ಳಾರಿಯವನು ಸ್ವೆಟರ್ ತೊಡದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ತೊಟ್ಟರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನನ್ನ ತಪ್ಪು ಬೇರೆಯೇ.

ಅಣ್ಣ ಸಿರುಗುಪ್ಪದಲ್ಲಿ ಭತ್ತದ ಲಾರಿ ಓಡಿಸುತ್ತಾನೆ. ಓಡಿಸುವುದಕ್ಕಿಂತ ರೈಸ್ ಮಿಲ್ಲಿನ ಮುಂದೆ ಸರದಿ ಕಾಯುವುದೇ ಹೆಚ್ಚು. ಕಾಯುವ ಗಂಡಸಿನ ಕೈಯನ್ನು ನಂಬುವಂತಿಲ್ಲ: ಜೇಬಿಗೆ ಹೋಗುತ್ತದೆ, ಗುಟ್ಕಾ ಪ್ಯಾಕೆಟ್ಟಿನೊಂದಿಗೆ ಹೊರಬರುತ್ತದೆ. ಅತ್ತಿಗೆ ಆ ಕೈಗೆ ಉಲ್ಲನ್ ದಾರ, ಎರಡು ಕಡ್ಡಿ ಕೊಟ್ಟು ಹೆಣೆಯುವುದನ್ನು ಕಲಿಸಿದರು. ಗುಟ್ಕಾ ಬಿಟ್ಟಿತು. ಅದರ ಹಿಂದೆಯೇ ಸಿಟ್ಟೂ ಹೋಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದರೆ ಅಣ್ಣ, "ಈ ತೋಳು ಮುಗೀಲಿ ತಡೀಲೇ" ಎನ್ನುತ್ತಿದ್ದ.

ಆದರೆ ಈ ಬಿಸಿಲೂರಿನಲ್ಲಿ ಹೆಣೆದದ್ದನ್ನು ಯಾರಿಗೆ ತೊಡಿಸುವುದು? ಮೊದಲು ಲಾರಿಯ ಗೇರಿಗೆ ಟೋಪಿ ಬಂತು. ಆಮೇಲೆ ಮಿಕ್ಸಿಗೆ ಅಂಗಿ, ಎಮ್ಮೆಯ ಕೋಡುಗಳಿಗೆ ಕಾಲುಚೀಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ದೊಡ್ಡ ವಿಚಾರ ತಿಳಿಯದು. ಆದರೆ ಆ ಎಮ್ಮೆಯ ನಡಿಗೆಯಲ್ಲಿ ಗತ್ತು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕುರುಗೋಡಿನಲ್ಲಿ ಸೋದರಮಾವನ ಮಗಳ ನಿಶ್ಚಿತಾರ್ಥದ ದಿನ ಅಣ್ಣ ಎಲ್ಲರೆದುರು ನನ್ನ ಕೈಗೆ ಸ್ವೆಟರ್ ಇಟ್ಟ. ಒಂದು ತೋಳು ಉದ್ದ. ಅದನ್ನು ಹೆಣೆಯುವಾಗ ಮಿಲ್ಲಿನ ಮುಂದೆ ಸರದಿ ಉದ್ದವಿತ್ತಂತೆ. ಯಾರು ಹೆಣೆದರೆಂದು ಬೀಗರು ಕೇಳಿದರು. ಗಂಡಸರು ನಕ್ಕಾರೆಂದು ಹೆದರಿ, ಅಣ್ಣ ಬಾಯಿ ತೆರೆಯುವ ಮೊದಲೇ "ನಮ್ಮ ಅತ್ತಿಗಿ" ಎಂದುಬಿಟ್ಟೆ. ಅಣ್ಣ ನನ್ನ ಮುಖ ನೋಡಿ, ಹೌದೆಂದು ತಲೆಯಾಡಿಸಿದ.

ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಯಲ್ಲಿ ಅದನ್ನು ಕುಡಿಯುವ ನೀರಿನ ಮಣ್ಣಿನ ಹರವಿಗೆ ತೊಡಿಸಿ ಒದ್ದೆ ಮಾಡಿಟ್ಟೆ. ನೀರು ತಣ್ಣಗಾಯಿತು. ಆದರೆ ಕುಡಿಯಲು ಹೋದಾಗಲೆಲ್ಲ ಆ ಉದ್ದ ತೋಳು ನನ್ನನ್ನೇ ಬೊಟ್ಟು ಮಾಡಿ ತೋರಿಸಿದಂತಾಗುತ್ತಿತ್ತು.

ಮೊನ್ನೆ ಅತ್ತಿಗೆ ಫೋನು ಮಾಡಿದರು. "ನಿಮ್ಮಣ್ಣ ಕುರುಗೋಡಿಂದ ಬಂದಾಗಿಂದ ಕಡ್ಡಿ ಮುಟ್ಟಿಲ್ಲಪ್ಪ. ಮತ್ತ ಗುಟ್ಕಾ ಹಿಡದಾರ. ಬಾಯಾಗ ಹುಣ್ಣು ಆಗೈತಿ."

ಹರವಿಯ ಮೈಯಿಂದ ಸ್ವೆಟರ್ ಬಿಚ್ಚಿ, ಹಸಿಯಾಗಿಯೇ ತೊಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ಕಡುಬೇಸಿಗೆ. ಕಂಡಕ್ಟರು ಟಿಕೆಟ್ಟನ್ನು ದೂರದಿಂದಲೇ ಚಾಚಿದ. ಪಕ್ಕದ ಅಜ್ಜಿ ಮೊದಲು ಸರಿದು ಕೂತಳು. ನಾನು ತಣ್ಣಗಿದ್ದೇನೆಂದು ತಿಳಿದ ಮೇಲೆ ನನಗೇ ಒರಗಿ ನಿದ್ದೆ ಹೋದಳು.

ಮಿಲ್ಲಿನ ಮುಂದೆ ಸಾಲು ನಿಂತ ಲಾರಿಗಳಿಂದ ಡ್ರೈವರುಗಳೆಲ್ಲ ಇಣುಕಿದರು. ಅಣ್ಣ ಗುಟ್ಕಾ ಉಗುಳಿ, "ಚಳಿಜ್ವರ ಬಂದೈತೇನಲೇ?" ಎಂದ.

"ಇಲ್ಲಣ್ಣ," ಎಂದೆ, ಎಲ್ಲರಿಗೂ ಕೇಳುವಂತೆ. "ಇದನ್ನ ಹೆಣದಾವ ನೀನು. ಮಂದಿ ನಗತಾರಂತ ಅತ್ತಿಗಿ ಹೆಸರು ಹೇಳಿದ್ನಿ. ಈ ಗಿಡ್ಡ ತೋಳು ಹಂಗ ಉಳದೈತಿ, ಕಡ್ಡಿ ತಗಿ. ತಪ್ಪಾತಣ್ಣ."