ಲೆಕ್ಕಕ್ಕಿಲ್ಲದ ಕಿವಿ

ಹೈಕೋರ್ಟಿನವರು ಬೆಂಗಳೂರಲ್ಲಿ ಕೂತು ತೀರ್ಪು ಕೊಡುತ್ತಾರೆ. ಕಾಲು ಸವೆಸುವವನು ಪೇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ದೇವನಹಳ್ಳಿ ಕಡೆಯ ಠಾಣೆಯೊಂದರಲ್ಲಿ ನಾನು ಆ ಪೇದೆ.

ಒಂದು ಬೆಳಿಗ್ಗೆ ಮುನಿಯಪ್ಪ ಅನ್ನುವ ರೈತ ತಾನಾಗಿಯೇ ಬಂದು ಕೈಮುಗಿದ. "ಅಣ್ಣನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟೋನು ನಾನೇ ಸ್ವಾಮಿ. ಬರ್ಕೊಳ್ಳಿ."

"ಪೊಲೀಸರ ಹತ್ರ ಹೇಳಿದ್ದು ಕೋರ್ಟಲ್ಲಿ ನಡೆಯಲ್ಲ ಕಣಪ್ಪಾ. ಮ್ಯಾಜಿಸ್ಟ್ರೇಟರ ಮುಂದೆ ಹೇಳ್ಬೇಕು" ಅಂದೆ.

ಪೆಟ್ರೋಲ್ ಸಿಗದ ಕಾಲ, ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಟ್ಟು ನಿಂತಿತ್ತು. ದೊಡ್ಡಬಳ್ಳಾಪುರದವರೆಗೂ ನಡೆದೆವು. ಬಣವೆ ಹೇಗೆ ಹತ್ತಿಕೊಂಡಿತು, ಎತ್ತುಗಳು ಹೇಗೆ ಬೆದರಿದವು, ಅತ್ತಿಗೆ ಹೇಗೆ ಎದೆ ಬಡಿದುಕೊಂಡಳು ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಅತ್ತ. ಸಾಕು ಅಂದರೂ ಬಿಡಲಿಲ್ಲ.

ಮ್ಯಾಜಿಸ್ಟ್ರೇಟರು ಬಲು ಹುಷಾರಾಗಿದ್ದರು. ಎಚ್ಚರಿಕೆ ಹೇಳದೆ ತಪ್ಪೊಪ್ಪಿಗೆ ಬರೆದುಕೊಂಡಿದ್ದೀರಿ ಅಂತ ಅವರದೇ ಒಂದು ಕೇಸನ್ನು ಹೈಕೋರ್ಟು ಅಪೀಲಿನಲ್ಲಿ ಆಗಷ್ಟೇ ಹೊಡೆದುಹಾಕಿತ್ತು.

"ನೋಡಪ್ಪಾ, ನೀನು ಹೇಳಲೇಬೇಕು ಅಂತೇನಿಲ್ಲ. ಹೇಳಿದರೆ ಅದರ ಮೇಲೇ ನಿನಗೆ ಶಿಕ್ಷೆ ಆಗಬಹುದು. ನಿಧಾನವಾಗಿ ಯೋಚನೆ ಮಾಡು" ಅಂದರು.

ಮುನಿಯಪ್ಪ ಯೋಚನೆ ಮಾಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

"ಹಂಗಾದ್ರೆ ಬ್ಯಾಡ ಬುಡಿ ಬುದ್ಧಿ. ದಾರೀಲಿ ಇವರ ಹತ್ರ ಎಲ್ಲಾ ಹೇಳ್ಕೊಂಡೆ, ಮನಸ್ಸು ಹಗುರಾಗೋಯ್ತು."

ಬೇರೆ ಸಾಕ್ಷಿ ಇರಲಿಲ್ಲ, ಬಿಟ್ಟುಬಿಟ್ಟರು. ವಾಪಸ್ ಬರುವಾಗ ಅವನು ಮುಂದೆ ಬಿರಬಿರನೆ, ನಾನು ಹಿಂದೆ ಕಾಲೆಳೆದುಕೊಂಡು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಅಚ್ಚುಕಟ್ಟಾದ ತಪ್ಪೊಪ್ಪಿಗೆಯನ್ನು ಮತ್ತೆ ಕೇಳಿಲ್ಲ. ಕೇಳಿದವನು ನಾನೊಬ್ಬನೇ, ಅಂದರೆ, ಕಾನೂನಿನ ಪ್ರಕಾರ, ಯಾರೂ ಕೇಳಿಲ್ಲ.