ಕೋಟೆ ಬೀದಿಯಲ್ಲಿ ಶಟರ್ ಎತ್ತಿದ ಕರಿಬಸಮ್ಮ

ಕರಿಬಸಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಕೋಣೆ. ಅದೂ ಎಲ್ಲೆಲ್ಲೋ ಅಲ್ಲ. ಶಿವಮೊಗ್ಗದ ಕೋಟೆ ಹತ್ತಿರದ ಬೀದಿಯಲ್ಲಿ, ಕೊಟ್ರಬಸಪ್ಪನವರ ಪಾತ್ರೆ ಅಂಗಡಿಯ ಮೇಲಿನ ಮಹಡಿ ಕೋಣೆ. ಹನ್ನೊಂದು ವರ್ಷ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೂವು ಮಾರಿದವಳು ಅವಳು. ತಲೆ ಮೇಲೊಂದು ಕೋಣೆ ಇದೆ ಅಂತ ಗೊತ್ತು. ಅದರ ತುಂಬ ಹಳೇ ಹಂಡೆ, ಕೊಳಗ, ಕೊಪ್ಪರಿಗೆ ತುಂಬಿಟ್ಟಿದ್ದಾರೆ ಅಂತಲೂ ಗೊತ್ತು. ಹಂಡೆಗೆ ಮನೆ ಇದೆ, ನನಗಿಲ್ಲ ಅಂತ ಎಷ್ಟೋ ಸಲ ಅಂದುಕೊಂಡಿದ್ದಳು.

ಮನೆ ಇರಲೇ ಇಲ್ಲ ಅಂತಲ್ಲ. ಭದ್ರಾವತಿಯಲ್ಲಿ ಬಾಡಿಗೆ ಮನೆ ಇತ್ತು. ಗಂಡ ಭೂತಪ್ಪ ಅಲ್ಲಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಆಗಿನ ಕಾಲ ಬೇರೆ. ಸೈರನ್ ಕೇಳುವಷ್ಟು ದೂರದೊಳಗೇ ಎಲ್ಲ ಇತ್ತು. ಸೊಸೈಟಿ, ಶಾಲೆ, ಆಸ್ಪತ್ರೆ, ಟಾಕೀಸು, ಅಮ್ಮನ ಗುಡಿ. ಪಕ್ಕದ ಮನೆಯ ತಮಿಳು ಅಕ್ಕ ಒಲೆ ಮೇಲೆ ಬೇಳೆ ಇಟ್ಟು ಸೊಸೈಟಿಗೆ ಹೋಗಿ ಹುಣಸೆಹಣ್ಣು ತರುತ್ತಿದ್ದಳು. ಬೇಳೆ ಉಕ್ಕುವುದರೊಳಗೆ ವಾಪಸು. ಭೂತಪ್ಪ ನಡೆದೇ ಹೋಗುತ್ತಿದ್ದ, ನಡೆದೇ ಬರುತ್ತಿದ್ದ. ದಾರಿಯಲ್ಲಿ ಹತ್ತು ಜನರನ್ನು ಮಾತಾಡಿಸದೆ ಮನೆ ಸೇರಿದ ಗಂಡಸಲ್ಲ.

ಆಮೇಲೆ ಕೆಲಸ ಕಡಿಮೆಯಾಯಿತು. ಜನ ಗಂಟುಮೂಟೆ ಕಟ್ಟಿದರು. ಮನೆ ಮನೆಗೆ ಬೀಗ ಬಿತ್ತು. ಹೋದ ವರ್ಷ ಭೂತಪ್ಪನೂ ಹೋದ. ಎದೆನೋವು ಅಂದ, ನೀರು ಕೊಡು ಅಂದ. ನೀರು ತರುವಷ್ಟರಲ್ಲಿ ಹೋದ.

ಅಂದಿನಿಂದ ಭದ್ರಾವತಿಗೆ ವಾಪಸಾಗುವ ಸಂಜೆಯ ಬಸ್ಸು ಅಂದರೆ ಅವಳಿಗೆ ಆಗದು. ಬಸ್ಸು ಇಳಿದರೆ ಕತ್ತಲೆ ಬೀದಿ. ಬೀಗ ತೆಗೆದರೆ ಗೋಡೆ ಮೇಲೆ ಗಂಡನ ಫೋಟೊ. ಬುಟ್ಟಿಯಲ್ಲಿ ಉಳಿಸಿಟ್ಟ ಒಂದು ಮೊಳ ಹೂವು ಅದಕ್ಕೆ ಹಾಕಬೇಕು, ಮಲಗಬೇಕು, ಬೆಳಿಗ್ಗೆ ಎದ್ದು ಮತ್ತೆ ಬಸ್ಸು ಹತ್ತಬೇಕು. ಮೊದಲ ಬಸ್ಸು ಹಿಡಿದರೂ ಅವಳು ಹೂವು ಕೊಂಡು ಬಂದು ಕೂರುವ ಹೊತ್ತಿಗೆ ಕೋಟೆಯ ಗುಡಿಗಳಲ್ಲಿ ಬೆಳಗಿನ ಪೂಜೆ ಮುಗಿದಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳ ಹೂವು ಆ ಪೂಜೆಗೆ ಸಿಕ್ಕಿದ್ದಿಲ್ಲ. ಬೀದಿಯಲ್ಲೇ ಇದ್ದರೆ ಸಿಗುತ್ತದೆ. ಬೀದಿಯಲ್ಲೇ ಇದ್ದರೆ ಮಾತಾಡಿಸಲು ಜನವೂ ಇರುತ್ತದೆ.

ಅಷ್ಟರಲ್ಲಿ ಪಾಲಿಕೆಯಿಂದ ವಾಣಿ ಅನ್ನುವ ಇಂಜಿನಿಯರ್ ಹುಡುಗಿ ಬಂದಳು. ಸುರುಳಿ ಸುತ್ತಿದ ದೊಡ್ಡ ಕಾಗದ ಬಿಚ್ಚಿ ಕೊಟ್ರಬಸಪ್ಪನವರ ಗಲ್ಲಾಪೆಟ್ಟಿಗೆ ಮೇಲೆ ಹರಡಿದಳು. ಬೀದಿಗೆ ಗಾಡಿ ಬಿಡುವುದಿಲ್ಲ. ಕಲ್ಲು ಹಾಸ್ತೀವಿ, ಬೆಂಚು ಹಾಕ್ತೀವಿ, ಜನ ನಡೆದಾಡಲಿ. ಕೆಳಗೆ ಅಂಗಡಿ, ಮೇಲೆ ಸಂಸಾರ. ಮೊದಲು ಒಂದು ಭಾನುವಾರ ಹಾಗೇ ಮಾಡಿ ನೋಡೋಣ. ಹನ್ನೊಂದು ಗಂಟೆಗೆ ದೊಡ್ಡ ಸಾಹೇಬ್ರು ಬಂದು ನೋಡ್ತಾರೆ. ಜನ ಬಂದರೆ ಮುಂದುವರಿಸೋದು, ಬರದೇ ಇದ್ದರೆ ಬಿಡೋದು.

ಕರಿಬಸಮ್ಮ ಮೆಟ್ಟಿಲಿನಿಂದ ಎದ್ದು ಬಂದು ಕಾಗದಕ್ಕೆ ಇಣುಕಿದಳು.

"ಇದಕ್ಕೆ ಇಷ್ಟುದ್ದ ಕಾಗದ ಯಾಕೆ ಮೇಡಂ? ನಮ್ಮ ಭದ್ರಾವತಿ ಹಿಂಗೇ ಇತ್ತಲ್ಲ."

"ನೋಡಿ, ಇವಳೇ ಇಂಜಿನಿಯರ್ ಆಗಬೇಕಿತ್ತು," ಅಂದರು ಕೊಟ್ರಬಸಪ್ಪ.

ಅವರು ಚಿಕ್ಕವರಿದ್ದಾಗ ಅದೇ ಮಹಡಿಯಲ್ಲಿ ಬೆಳೆದವರು. ಮದುವೆಯಾದ ಮೇಲೆ ಬಡಾವಣೆಯಲ್ಲಿ ಮನೆ ಕಟ್ಟಿಸಿ ಹೋದರು. ಈಗ ಕಟ್ಟಡ ಕೊಳ್ಳಲು ಒಬ್ಬ ಪಾರ್ಟಿ ಕಾದು ಕೂತಿದ್ದ. ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾನಂತೆ. ವಾಣಿ ಹೋದ ಮೇಲೆ ಅವರು ಕರಿಬಸಮ್ಮನನ್ನು ಕರೆದರು.

"ನೋಡು, ಬಳಸಿ ಮಾತಾಡೋದು ಬೇಡ. ಭಾನುವಾರ ಬೀದಿ ತುಂಬಿದ್ರೆ ನಾನು ಮಾರಲ್ಲ. ಮಹಡಿ ಖಾಲಿ ಮಾಡಿ ನಿನಗೇ ಬಾಡಿಗೆಗೆ ಕೊಡ್ತೀನಿ. ತುಂಬದೇ ಇದ್ರೆ ಸಂಜೆ ಆ ಪಾರ್ಟಿಗೆ ಮಾತು ಕೊಡ್ತೀನಿ. ಆಮೇಲೆ ನನ್ನ ಬಯ್ಯಬೇಡ."

"ಬಯ್ತೀನಿ," ಅಂದಳು ಕರಿಬಸಮ್ಮ.

ಶನಿವಾರ ರಾತ್ರಿ ಅವಳಿಗೆ ನಿದ್ದೆಯೇ ಹತ್ತಲಿಲ್ಲ. ಭಾನುವಾರ ಮೊದಲ ಬಸ್ಸಿಗೇ ಬಂದಳು. ಎಂದಿಗಿಂತ ಎರಡು ಪಟ್ಟು ಹೂವು ಕೊಂಡಳು, ಸೇವಂತಿಗೆ, ಕನಕಾಂಬರ, ಕಾಕಡ. ಬೀದಿಗೆ ಬಂದು ನೋಡಿದರೆ ಎರಡೂ ತುದಿಗೆ ಬ್ಯಾರಿಕೇಡ್ ಬಿದ್ದಿತ್ತು. ಪಕ್ಕದಲ್ಲಿ ಪೊಲೀಸರು. ಒಳಗೆ ಒಂದು ಸ್ಕೂಟರಿಲ್ಲ, ಆಟೋ ಇಲ್ಲ. ಬೀದಿ ಇಷ್ಟು ಅಗಲ ಇದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ನಡುವಿನಲ್ಲಿ ನಿಂತು ಎರಡೂ ಕೈ ಚಾಚಿದಳು. ಏನೂ ತಾಗಲಿಲ್ಲ.

ಎಡವಟ್ಟಾಗಿದ್ದು ಒಂಬತ್ತು ಗಂಟೆಗೆ. ಶಿವಮೊಗ್ಗದ ಅಂಗಡಿಯವರಿಗೆ ಬ್ಯಾರಿಕೇಡ್ ಅಂದರೆ ಒಂದೇ ಅರ್ಥ. ಪೊಲೀಸರು ನಿಂತಿದ್ದಾರೆ, ಗಾಡಿ ಇಲ್ಲ, ರಸ್ತೆ ಖಾಲಿ. ಅಂದಮೇಲೆ ಬಂದ್. ಎಷ್ಟು ವರ್ಷದ ಅಭ್ಯಾಸ ಅದು. ವಾಣಿ ಅಂಗಡಿ ಅಂಗಡಿಗೆ ಚೀಟಿ ಹಂಚಿದ್ದಳು, ನಿಜ. ಆದರೆ ಚೀಟಿ ಹೇಳಿದ್ದನ್ನು ತಲೆ ನಂಬುತ್ತದೆ, ಬ್ಯಾರಿಕೇಡ್ ಕಂಡ ಕೈ ನಂಬುವುದಿಲ್ಲ. ಬಂದವರೆಲ್ಲ ಶಟರನ್ನು ಅರ್ಧ ಎತ್ತಿದರು, ಅಲ್ಲಿಗೇ ಬಿಟ್ಟು ಬಗ್ಗಿ ಒಳಗೆ ಹೋದರು. ಬಂದ್ ದಿನ ಹಾಗೇ. ಅರ್ಧ ಶಟರ್ ಇದ್ದರೆ ಬೇಕಾದವರು ಬಗ್ಗಿ ಬರುತ್ತಾರೆ, ಗಲಾಟೆಯವರು ಬಂದರೆ ಕಾಲಿನಿಂದ ಒತ್ತಿದರೂ ಮುಚ್ಚುತ್ತದೆ.

ಹೊರಗಿನವರೂ ಹಾಗೇ ತಿಳಿದರು. ಬ್ಯಾರಿಕೇಡಿನ ತನಕ ಬಂದು, ಸಾಲಾಗಿ ಅರ್ಧ ಇಳಿದ ಶಟರ್ ನೋಡಿ, "ಯಾರು ಹೋದ್ರಂತೆ?" ಅಂತ ಕೇಳಿ ತಿರುಗಿ ಹೋಗುತ್ತಿದ್ದರು.

ಹತ್ತು ಗಂಟೆಯಾಯಿತು. ವಾಣಿ ಖಾಲಿ ಬೀದಿಯ ನಡುವೆ ಫೋನ್ ಹಿಡಿದು ನಿಂತಿದ್ದಳು. ಮುಖ ಬಾಡಿದ ಹೂವಿನ ಹಾಗಾಗಿತ್ತು.

"ಅಮ್ಮ, ಒಬ್ಬರೂ ಬರ್ತಿಲ್ಲ. ಇನ್ನೊಂದು ಗಂಟೆಗೆ ಸಾಹೇಬ್ರು ಬರ್ತಾರೆ."

"ಬೀದಿ ಬಾಗಿಲು ಹಾಕ್ಕೊಂಡು ಕೂತ್ರೆ ಯಾರು ಬರ್ತಾರೆ ಮೇಡಂ?" ಅಂದಳು ಕರಿಬಸಮ್ಮ. ಸೀದಾ ಪಾತ್ರೆ ಅಂಗಡಿಗೆ ಹೋಗಿ ಬಗ್ಗಿ ಒಳಗೆ ನೋಡಿದಳು.

"ಯಜಮಾನ್ರೇ, ಶಟರ್ ಪೂರ್ತಿ ಎತ್ತಿ."

"ಮೊದಲು ಯಾರಾದ್ರೂ ಎತ್ತಲಿ ಮಾರಾಯ್ತಿ."

"ಯಾವತ್ತೂ ಮೊದಲು ಎತ್ತೋರು ನೀವೇ ಅಲ್ವಾ?"

ಅದು ಸುಳ್ಳಲ್ಲ. ಬಂದ್ ಮುಗಿದ ಸಂಜೆ ಬೀದಿಯ ತುದಿಯಲ್ಲಿರುವ ಈ ಶಟರಿನ ಸದ್ದಿಗೇ ಎಲ್ಲರೂ ಕಿವಿ ಕೊಟ್ಟಿರುತ್ತಾರೆ. ಹಳೇ ಶಟರು. ಎಣ್ಣೆ ಕಂಡು ಯಾವ ಕಾಲವಾಯಿತೋ. ಅದು ಎದ್ದರೆ ಬೀದಿಗೆಲ್ಲ ಕೇಳುತ್ತದೆ. ಅದು ಎದ್ದರೆ ಭಯವಿಲ್ಲ ಅಂತ ಲೆಕ್ಕ.

ಕೊಟ್ರಬಸಪ್ಪ ಕದಲಲಿಲ್ಲ. "ಯಾವನಾದ್ರೂ ಕಲ್ಲು ಹೊಡೆದ್ರೆ?"

"ಕಲ್ಲು ಹೊಡೆಯೋಕೂ ಜನ ಬರ್ಬೇಕಲ್ಲ."

ಅವಳು ಸೆರಗು ಸಿಕ್ಕಿಸಿ ಶಟರಿಗೆ ಕೈ ಹಾಕಿದಳು. ಎದುರು ಬಟ್ಟೆ ಅಂಗಡಿಯ ಚೌಡಪ್ಪ ತನ್ನ ಅರ್ಧ ಶಟರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ್ದ.

"ಏ ಏ, ಬಿಡು. ಬೆಳಿಗ್ಗೆ ಬೆಳಿಗ್ಗೆ ಗಂಡ ಸತ್ತವಳು ಶಟರ್ ಎತ್ತಿದ್ರೆ ಬೋಣಿ ಆದ ಹಾಗೇ."

"ಗಂಡ ಸತ್ತಿದ್ದು ನಂಗೆ ಚೌಡಪ್ಪಣ್ಣ. ಶಟರಿಗಲ್ಲ."

ಕೊಟ್ರಬಸಪ್ಪ ಒಳಗಿನಿಂದ ಎದ್ದು ಬಂದರು. ಅವಳ ಪಕ್ಕದಲ್ಲಿ ಅವರೂ ಕೈ ಹಾಕಿದರು.

"ಎತ್ತು. ನೋಡೇ ಬಿಡೋಣ."

ಘರ್ರ್ ಅಂತ ಎದ್ದಿತು ಶಟರು. ಮೇಲೆ ಹೋಗಿ ಢಣ್ ಅಂತ ಬಡಿಯಿತು. ಬೀದಿ ಪೂರ್ತಿ ಆ ಸದ್ದು ಹೋಯಿತು. ಕರಿಬಸಮ್ಮ ಬೀದಿಯತ್ತ ತಿರುಗಿದಳು.

ಮೂರನೇ ಅಂಗಡಿಯಲ್ಲಿ ಘರ್ರ್ ಅಂದಿತು. ಆಮೇಲೆ ಬಳೆ ಅಂಗಡಿಯಲ್ಲಿ. ಆಮೇಲೆ ಆ ಕಡೆ, ಈ ಕಡೆ, ಯಾವ ಅಂಗಡಿ ಅಂತ ತಿಳಿಯದಷ್ಟು ಬೇಗ ಬೇಗ. ಕೊನೆಗೆ ಚೌಡಪ್ಪನದು. ಮುಖ ಅತ್ತ ಮಾಡಿಯೇ ಎತ್ತಿದ.

ಕರಿಬಸಮ್ಮ ಬುಟ್ಟಿ ಎತ್ತಿಕೊಂಡಳು. ಮೆಟ್ಟಿಲ ಮೇಲೆ ಕೂರಲಿಲ್ಲ. ಬೀದಿಯ ನಟ್ಟನಡುವೆ ಗೋಣಿ ಹಾಸಿ ಕೂತಳು, ಬ್ಯಾರಿಕೇಡಿನ ತನಕ ಕೇಳುವ ಹಾಗೆ ಕೂಗಿದಳು. "ಸೇವಂತಿಗೇ, ಕನಕಾಂಬರಾ, ಬನ್ನಿ ಅಕ್ಕಾ, ಬಂದ್ ಇಲ್ಲ ಏನಿಲ್ಲ, ನಡ್ಕೊಂಡು ಬನ್ನೀ..."

ಮೊದಲು ಬಂದದ್ದು ಪ್ರೇಮಮ್ಮ. ಬೀದಿಯ ಕೊನೆಯ ಮಹಡಿಯಲ್ಲಿರುವ ಮುದುಕಿ. ಗಾಡಿಗಳಿಗೆ ಹೆದರಿ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದಳು. ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದಳು. ಅವತ್ತು ಕೋಲೂರಿಕೊಂಡು ಬೀದಿಯ ಮಧ್ಯದಲ್ಲಿ ನಡೆದು ಬಂದಳು.

"ನಂಗೂ ಒಂದು ಕಲ್ಲು ಹಾಕು. ಇಲ್ಲೇ ಕೂರ್ತೀನಿ."

"ಕಲ್ಲು ಮೇಡಂ ಹಾಕ್ತಾರೆ. ಈಗ ಗೋಣಿ ಮೇಲೆ ಕೂರು ಬಾರಜ್ಜಿ."

ಆಮೇಲೆ ಗುಡಿಯಿಂದ ಹೊರಟವರು ಇಬ್ಬರು ಬಂದರು, ನಾಲ್ಕು ಜನ ಬಂದರು. ಮಗುವಿನ ಕೈ ಬಿಟ್ಟು ನಡೆಯುವ ತಾಯಂದಿರನ್ನು ಕರಿಬಸಮ್ಮ ಆ ಬೀದಿಯಲ್ಲಿ ಅವತ್ತೇ ಮೊದಲು ನೋಡಿದ್ದು. ಹನ್ನೊಂದಕ್ಕೆ ಸಾಹೇಬರು ಬಂದಾಗ ಅವರಿಗೇ ದಾರಿ ಬಿಡಿಸಬೇಕಾಯಿತು. ಬೀದಿಯ ಉದ್ದಕ್ಕೂ ನಡೆದರು, ಬಾಳೆಹಣ್ಣು ಕೊಂಡು ತಿಂದರು, ಪ್ರತಿ ಭಾನುವಾರ ಮಾಡಿ ಅಂದರು. ವಾಣಿ ಕರಿಬಸಮ್ಮನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಕರಿಬಸಮ್ಮ ಕೈ ಬಿಡಿಸಿಕೊಂಡು ಕೊಟ್ರಬಸಪ್ಪನವರ ಮುಂದೆ ಹೋಗಿ ನಿಂತಳು. ಕೈ ಚಾಚಿದಳು.

ಅವರು ನಕ್ಕರು. "ಕೀಲಿ ಕೊಡ್ತೀನಿ. ಆದ್ರೆ ಹಂಡೆಗಳನ್ನ ಎಲ್ಲಿಗೆ ಸಾಗಿಸೋದು? ಲಗೇಜ್ ಆಟೋ ಒಳಗೆ ಬಿಡಲ್ವಲ್ಲ ಇವತ್ತು."

"ಕೆಳಗೆ ತಂದಿಡ್ತೀನಿ. ಜಾಗ ಬೇಕಾದಷ್ಟಿದೆ."

"ನೋಡ್ಕೊಳ್ಳಿ ಮೇಡಂ," ಅಂತ ಬುಟ್ಟಿಯನ್ನು ವಾಣಿಗೆ ಒಪ್ಪಿಸಿ ಮರದ ಮೆಟ್ಟಿಲು ಹತ್ತಿದಳು. ಒಂದೊಂದೇ ಹಂಡೆ ಸೊಂಟಕ್ಕೇರಿಸಿ ತಂದು ಬೀದಿಯಲ್ಲಿ ಸಾಲಾಗಿ ಇಟ್ಟಳು. ತಾಮ್ರ ಬಿಸಿಲಿಗೆ ಹೊಳೆಯಿತು. ನಡೆಯುತ್ತಿದ್ದವರು ನಿಂತರು. ಶಂಕರಘಟ್ಟದಿಂದ ಬಂದ ಮೇಷ್ಟ್ರೊಬ್ಬರು ಹಂಡೆ ಬಡಿದು ಸದ್ದು ಕೇಳಿ, ಇಂಥದ್ದು ಈಗೆಲ್ಲಿ ಸಿಗುತ್ತೆ ಅಂದರು. ಮೇಲಿನ ಕೋಣೆ ಖಾಲಿಯಾಗುವ ಹೊತ್ತಿಗೆ ಕೆಳಗಿನ ಸಾಲೂ ಮಾರಾಟವಾಗಿ ಅರ್ಧ ಖಾಲಿ. ಕೊಟ್ರಬಸಪ್ಪನವರು ಆ ಪಾರ್ಟಿಯ ಫೋನ್ ಎತ್ತಲಿಲ್ಲ, ಪುರಸೊತ್ತಿರಲಿಲ್ಲ.

ಕೋಣೆಯಲ್ಲಿ ಧೂಳು, ಜೇಡರ ಬಲೆ, ಒಂದು ಮೊಳೆ ಗೋಡೆಯಲ್ಲಿ. ಭೂತಪ್ಪನ ಫೋಟೊಗೆ ಅದೇ ಸಾಕು ಅಂದುಕೊಂಡಳು. ನಾಳೆ ಬೆಳಿಗ್ಗೆ ಫೋಟೊ, ಪಾತ್ರೆ, ಹಾಸಿಗೆ ತಂದರೆ ಆಯಿತು. ಮಾತಾಡಿಸಲು ಅವನಿಗೂ ಜನ ಸಿಗುತ್ತದೆ.

ಕಿಟಕಿ ಬಿಗಿದುಕೊಂಡಿತ್ತು. ಭುಜ ಕೊಟ್ಟು ಒತ್ತಿದಳು. ತೆರೆಯಿತು. ಕೆಳಗೆ ಬೀದಿ ತುಂಬ ತಲೆಗಳು. ನಡುವೆ ಅವಳ ಗೋಣಿಯ ಮೇಲೆ ಪ್ರೇಮಮ್ಮ, ಪಕ್ಕದಲ್ಲಿ ವಾಣಿ. ವಾಣಿ ಮೊಣಕೈಯಿಂದ ಬೆರಳ ತುದಿಯ ತನಕ ಹೂವು ಅಳೆದು, ಅಲ್ಲಿಗೆ ನಿಲ್ಲಿಸದೆ ಇನ್ನೂ ಒಂದು ಗೇಣು ಬಿಟ್ಟು ಕತ್ತರಿಸುತ್ತಿದ್ದಳು.

ಕರಿಬಸಮ್ಮ ಕಿಟಕಿಯಿಂದ ಬಗ್ಗಿದಳು.

"ಮೇಡಂ, ಬೀದಿ ಅಳೆಯೋ ಕೈಯಲ್ಲಿ ಹೂವು ಅಳೀಬೇಡಿ. ಇರಿ, ಇಳಿದು ಬಂದೆ."