ಒಡೆದ ಸ್ಲೇಟಿನ ಮಗ್ಗ

ಕುಣಿಗಲ್‌ನಲ್ಲಿ ನೇಯ್ಗೆಯ ತರಬೇತಿ ಇದ್ದದ್ದು ಮೂರು ದಿನ. ನಾನು ಹೋದದ್ದು ಎರಡೇ ದಿನ. ಮೂರನೆಯ ದಿನ ಅಲ್ಲೇ ಇದ್ದ ಸೋದರತ್ತೆ ಊಟಕ್ಕೆ ಕರೆದರು, ಒಬ್ಬಟ್ಟಿನ ಆಸೆಗೆ ಹೋಗಿಬಿಟ್ಟೆ. ಹಾಸು ಅಂದರೆ ಉದ್ದಕ್ಕೆ ಬಿಗಿಯುವ ದಾರ, ಹೊಕ್ಕು ಅಂದರೆ ಅಡ್ಡಡ್ಡಲಾಗಿ ತೂರಿಸುವ ದಾರ, ಇಷ್ಟು ನನಗೆ ಗೊತ್ತಾಗಿತ್ತು. ದಾರ ಕಿತ್ತುಹೋದರೆ ಏನು ಮಾಡಬೇಕು ಅನ್ನುವುದನ್ನು ಮೂರನೆಯ ದಿನ ಹೇಳಿಕೊಟ್ಟರಂತೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಿನಾ ತುಮಕೂರಿನಿಂದ ರೈಲಿನಲ್ಲಿ ಬಂದು, ನಿಟ್ಟೂರಿನಲ್ಲಿ ಇಳಿದು, ಎರಡು ಮೈಲಿ ನಡೆದು ಹೋಗುವ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದೆ. ಮಕ್ಕಳಿಗೆ ನೇಯ್ಗೆ ಕಲಿಸಿ ಅಂತ ಆರ್ಡರ್ ಬಂತು, ಮಗ್ಗ ಮಾತ್ರ ಬರಲಿಲ್ಲ. ಮರದ ಚೌಕಟ್ಟು ಯಾವುದಾದರೂ ಆದೀತು ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮ ಸ್ಕೂಲಿನಲ್ಲಿ ಬೇರೇನಿಲ್ಲದಿದ್ದರೂ ಒಡೆದ ಸ್ಲೇಟುಗಳಿಗೆ ಬರವಿರಲಿಲ್ಲ. ಉಳಿದ ಚೂರು ತೆಗೆದುಹಾಕಿ, ಚೌಕಟ್ಟಿನ ಮೇಲೆ ಕೆಳಗೆ ಸಾಲಾಗಿ ಸಣ್ಣ ಮೊಳೆ ಹೊಡೆಸಿದೆ. ದಾರ ಸುತ್ತಿದೆವು. ಗೋಣಿ ಹೊಲಿಯುವ ದಬ್ಬಣ, ಹೊಕ್ಕು ಬಿಗಿಮಾಡಲು ಬಾಚಣಿಗೆ, ಮುಗಿಯಿತು ಮಗ್ಗ.

ಮುಗಿಯಿತು ಅಂದುಕೊಂಡದ್ದು ನನ್ನ ಪೆದ್ದುತನ. ಎಲ್ಲರ ಬಟ್ಟೆಯೂ ಮೇಲೆ ಕೆಳಗೆ ಅಗಲವಾಗಿ, ನಡುವೆ ಕಿರಿದಾಗಿ, ಡಮರುಗದ ಹಾಗೆ ಆಗತೊಡಗಿತು. ಮಕ್ಕಳಿಗೆ ಬೈದೆ. ಇನ್ನೂ ಬಿಗಿಯಾಗಿ ಎಳೆಯಿರಿ ಎಂದೆ. ಎಳೆದಷ್ಟೂ ನಡು ಸಣ್ಣಗಾಯಿತು. ಇವರ ಕೈಯೇ ಸರಿಯಿಲ್ಲ ಎಂದು ನಾನೇ ನೇಯ್ದರೆ ನನ್ನದೂ ಡಮರುಗವೇ. ಯಾಕೆ ಹೀಗೆ ಎಂದು ರೈಲಿನಲ್ಲಿ ಕೂತು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕೋತಿ ತಾನು ಕೆಡೋದಲ್ಲದೆ ವನಾನೆಲ್ಲಾ ಕೆಡಿಸ್ತು ಎಂದು ಹೆಡ್‌ಮಾಸ್ಟರು ಯಾರಿಗೋ ಹೇಳುವ ಹಾಗೆ ನನಗೇ ಹೇಳಿದರು.

ಏಳನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಊರಿಗೆ ಇದ್ದದ್ದೊಂದೇ ಮಗ್ಗದ ಮನೆ, ಅದು ಅವಳದು. ಅವಳಪ್ಪ ಕಂಬಳಿ ನೇಯುತ್ತಿದ್ದ. ಇವಳೊಬ್ಬಳಿದ್ದರೆ ನನ್ನ ಕಷ್ಟವೆಲ್ಲ ಮುಗಿದ ಹಾಗೇ ಎಂದುಕೊಂಡಿದ್ದೆ. ನೋಡಿದರೆ ಇಡೀ ಕ್ಲಾಸಿಗೆ ಕಡೆ ಅವಳು. ದಾರ ಕೀಳುತ್ತಿದ್ದಳು, ಸಿಕ್ಕು ಮಾಡುತ್ತಿದ್ದಳು, ಗದರಿಸಿದರೆ ತಲೆ ತಗ್ಗಿಸಿ ಒಂದೇ ಮಾತು.

"ನಂಗೆ ಬರಕಿಲ್ಲ ಮಿಸ್."

ಲೆಕ್ಕದಲ್ಲಿ ಮಾತ್ರ ನಾನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. ಗುಬ್ಬಿ ಹೈಸ್ಕೂಲಿಗೆ ಸೇರಬೇಕಾದರೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಬೇಕು ಎಂದು ನನ್ನನ್ನು ಮೂರು ಸಲ ಕೇಳಿದ್ದಳು. ಪಾಸಾದರೆ ಸಾಕು ಎಂದು ಮೂರು ಸಲವೂ ಹೇಳಿದ್ದೆ. ಲೆಕ್ಕ ಬರುವವಳಿಗೆ, ಅದೂ ಮಗ್ಗದವರ ಮಗಳಿಗೆ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ದಬ್ಬಣ ತೂರಿಸುವುದು ಹೇಗೆ ಬರುವುದಿಲ್ಲ? ನನಗೆ ಅರ್ಥವಾಗಲಿಲ್ಲ.

ಇನ್ನೊಂದೂ ಅರ್ಥವಾಗಲಿಲ್ಲ. ದಾರ ಕಿತ್ತುಹೋದಾಗ ನಾನು ಹೂ ಕಟ್ಟುವ ಹಾಗೆ ಗಂಟು ಹಾಕುತ್ತಿದ್ದೆ. ನನಗೆ ಬರುತ್ತಿದ್ದದ್ದು ಅದೊಂದೇ. ಬಟ್ಟೆಯ ತುಂಬ ಕಡಲೆಕಾಳಿನಷ್ಟು ದಪ್ಪ ಗಂಟುಗಳು. ಊಟ ಮುಗಿಸಿ ಬಂದು ನೋಡಿದರೆ ಆ ಗಂಟು ಮಾಯವಾಗಿ, ಅದೇ ಜಾಗದಲ್ಲಿ ಎಳ್ಳಿನಷ್ಟು ಚಪ್ಪಟೆ ಗಂಟು ಇರುತ್ತಿತ್ತು. ಹೆಡ್‌ಮಾಸ್ಟರನ್ನು ಕೇಳಿದರೆ, ಮೈಗೆ ಹುಷಾರಿದೆಯೇನಮ್ಮ ಎಂದರು.

ಒಂದು ದಿನ ಊಟದ ಹೊತ್ತಿನಲ್ಲಿ, ಮರೆತ ಕನ್ನಡಕಕ್ಕೆಂದು ಕ್ಲಾಸಿಗೆ ವಾಪಸು ಬಂದೆ. ಅವಳು ಒಬ್ಬಳೇ ಕೂತು, ತೊಡೆಯ ಮೇಲೆ ನನ್ನ ಸ್ಲೇಟು ಇಟ್ಟುಕೊಂಡು ಗಂಟು ಸರಿಮಾಡುತ್ತಿದ್ದಳು. ಕಣ್ಣು ಕಿಟಕಿಯ ಆಚೆ, ಬೆರಳು ಮಾತ್ರ ಆಡುತ್ತಿದ್ದವು. ಬರಲ್ಲ ಅಂದ್ಯಲ್ಲೇ ಎಂದು ರೇಗಿದೆ.

"ಯಾರ್ಗೂ ಹೇಳ್ಬೇಡಿ ಮಿಸ್," ಅಂದಳು. "ನೋಡ್ಕಂಡು ಸುಮ್ನಿರಕ್ಕಾಗ್ಲಿಲ್ಲ, ಅದ್ಕೇ."

ಯಾಕೆ ಹೇಳಬಾರದು ಎಂದು ನಾನು ಕೇಳಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ. ನನಗೆ ಆಗ ಬೇಕಾಗಿದ್ದದ್ದು ಡಮರುಗದ ಗುಟ್ಟು. ಅದನ್ನೂ ಅವಳೇ ಹೇಳಿಕೊಟ್ಟಳು. ಎಳೀಬ್ಯಾಡಿ, ಹೊಕ್ಕು ವಸಿ ಸಡಿಲ ಬುಡಿ, ಆಮೇಲೆ ಬಾಚಣಿಗೇಲಿ ತಳ್ಳಿ ಎಂದಳು. ಇಷ್ಟೇನಾ ಅನ್ನಿಸಿತು. ಒಂದು ವಾರ ಊಟದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅವಳು ಟೀಚರು, ನಾನು ದಡ್ಡ ಮಗು. ಅವಳೂ ಒಂದು ಬಟ್ಟೆ ನೇಯ್ದಳು. ಅಂಗೈಯಗಲದ್ದು, ಅಂಚು ಗೀಟು ಎಳೆದಷ್ಟು ನೇರ.

ಇನ್ಸ್‌ಪೆಕ್ಟರು ಬಂದ ದಿನ ಮಕ್ಕಳ ಕೆಲಸವನ್ನೆಲ್ಲ, ಜೊತೆಗೆ ಕಡಲೆಕಾಳು ಗಂಟಿನ ನನ್ನದೊಂದು ಹಳೆಯ ಬಟ್ಟೆಯನ್ನೂ, ಮೇಜಿನ ಮೇಲೆ ಜೋಡಿಸಿದ್ದೆವು. ತಂದೆ ತಾಯಿಯರನ್ನೂ ಕರೆಸಿದ್ದೆವು. ಇನ್ಸ್‌ಪೆಕ್ಟರು ಅವಳ ಅಂಗೈಯಗಲದ ಬಟ್ಟೆಯನ್ನೇ ಎತ್ತಿಕೊಂಡು, ಇದು ಯಾರದು ಎಂದರು. ನಿಮ್ಮದೇ ಅನ್ನಿ ಎಂದು ಹೆಡ್‌ಮಾಸ್ಟರು ನನಗೆ ಕಣ್ಸನ್ನೆ ಮಾಡಿದರು. ನನಗೆ ಎಲ್ಲಿಲ್ಲದ ಸತ್ಯವಂತಿಕೆ ಬಂದುಬಿಟ್ಟಿತು. ಹುಡುಗಿಯ ಕೈ ಹಿಡಿದು ಮುಂದಕ್ಕೆ ಎಳೆದು, ಇವಳದು, ನನಗೂ ಇವಳೇ ಕಲಿಸಿದ್ದು ಎಂದೆ. ಅವಳ ಕೈ ತಣ್ಣಗಿತ್ತು. ಗೋಡೆಗೊರಗಿ ನಿಂತಿದ್ದ ಅವಳಪ್ಪ ಬಂದು ಬಟ್ಟೆ ತೆಗೆದುಕೊಂಡು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಗಂಟಿನ ಹತ್ತಿರ ಬೆರಳು ನಿಂತಿತು. ನನಗೆ ಕೈಮುಗಿದ. ನಾನು ಬೀಗಿದೆ.

ಸೋಮವಾರ ಅವಳು ಸ್ಕೂಲಿಗೆ ಬರಲಿಲ್ಲ. ಗುರುವಾರದವರೆಗೂ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡು ಮನೆಗೆ ಹೋದೆ. ಅವಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುತ್ತಿದ್ದಳು. ಅಪ್ಪ ನನಗೆ ಚಾಪೆ ಹಾಸಿದ, ಮಜ್ಜಿಗೆ ತರಿಸಿದ.

"ಇವ್ಳ್ ಕೈ ಮಗ್ಗಕ್ಕೆ ಕೂರಕಿಲ್ಲ, ಬರೀ ದಾರ ಕಿತ್ತಾಕ್ತಾಳೆ ಅಂತ ಇಸ್ಕೂಲಿಗೆ ಕಳಿಸಿದ್ದೆ ಮೇಡಮ್ಮೋರೆ," ಅಂದ. "ನೀವು ಕೈ ಕೂರಿಸ್ಬುಟ್ರಿ. ನಂಗೂ ಒಂದಾಳು ಆಯ್ತು."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಸ್ಕೂಲಿನಲ್ಲಿ ಮಾಡುತ್ತಿದ್ದದ್ದನ್ನೇ ಅವಳು ಮನೆಯಲ್ಲೂ ಮಾಡುತ್ತಾ ಬಂದಿದ್ದಳು. ಬೇಕೆಂದೇ ದಾರ ಕಿತ್ತು, ಬೇಕೆಂದೇ ಬೈಸಿಕೊಂಡು, ಏಳನೇ ಕ್ಲಾಸಿನವರೆಗೆ ಓದಿದ್ದಳು. ನಾನು ತಟ್ಟನೆ ಸುಳ್ಳು ಹೇಳಿದೆ. ಆ ಬಟ್ಟೆ ನಾನು ನೇಯ್ದದ್ದು, ಇನ್ಸ್‌ಪೆಕ್ಟರ ಮುಂದೆ ಸುಮ್ಮನೆ ಇವಳ ಹೆಸರು ಹೇಳಿದೆ ಎಂದೆ.

ಅವನು ನಕ್ಕ. ಕೆಟ್ಟ ನಗುವಲ್ಲ. ಅವತ್ತೇ ಮನೆಗೆ ತಂದು ಗೂಡಿನಲ್ಲಿಟ್ಟಿದ್ದ ಆ ಬಟ್ಟೆಯನ್ನು ನನ್ನೆದುರು ಹಿಡಿದ.

"ಈ ಗಂಟು ನಮ್ಮಪ್ಪ ನಂಗೆ ಹೇಳ್ಕೊಟ್ಟಿದ್ದು. ನಾನು ಇವ್ಳಿಗೆ ಹೇಳ್ಕೊಟ್ಟಿದ್ದು. ನಿಮ್ ಗಂಟೂ ಮೇಜಿನ್ ಮ್ಯಾಲೆ ನೋಡಿವ್ನಿ ಕಣ್ ತಾಯಿ."

ಪರೀಕ್ಷೆಗಾದರೂ ಕಳಿಸಿ ಎಂದು ಬೇಡಿಕೊಂಡೆ. ನೋಡಾನ ಅಂದ. ಪರೀಕ್ಷೆ ಬಂತು, ಮುಗಿಯಿತು, ಆ ನೋಡಾನ ನೋಡಾನವಾಗಿಯೇ ಉಳಿಯಿತು. ಅವಳ ಹಾಲ್ ಟಿಕೆಟ್ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು.

ಅವರ ಮನೆಗೆ ಹೋಗಿದ್ದ ಅವತ್ತು, ನಾನು ಹೊರಡುವ ಮುಂಚೆ ಅವನು ಎಲೆ ಅಡಿಕೆ ತರಲು ಒಳಗೆ ಹೋದ. ನಾನು ಗುಂಡಿಯ ಹತ್ತಿರ ಹೋಗಿ ನಿಂತೆ. ಅವಳು ಲಾಳಿ ನಿಲ್ಲಿಸಿದಳು. ಮುಖ ಮಾತ್ರ ತಿರುಗಿಸಲಿಲ್ಲ.

"ನಂಗೆ ಬರಕಿಲ್ಲ ಅಂತ ಹೇಳಿದ್ನಲ್ಲ ಮಿಸ್," ಅಂದಳು.